ಅತ್ತೆಗೆ ಬೆಕ್ಕು ತಂದಿಟ್ಟ ಊಟ

ನಮ್ಮ ಮನೆಯಲ್ಲಿ ಊಟದ ಮರ್ಯಾದೆ ಗೊತ್ತಿರುವುದು ಬೆಕ್ಕಿಗೆ ಮಾತ್ರ. ಪಾಣೆಮಂಗಳೂರಿನ ನಮ್ಮ ಓಣಿಯಲ್ಲಿ ಮೀನಿನವನ ಸ್ಕೂಟರ್ ಹಾರ್ನ್ ಹೊಡೆದ ಕೂಡಲೇ ಅದು ಗೇಟಿನ ಕಂಬದ ಮೇಲೆ ಹಾಜರು. ಹಾಗಂತ ಕೊಟ್ಟದ್ದನ್ನು ಗಬಗಬ ತಿನ್ನುವ ಜಾತಿಯಲ್ಲ. ಬೂತಾಯಿ ಮೀನನ್ನು ಮೂರು ಸಲ ಮೂಸಿ, ತಲೆಯಿಂದ ಶುರು ಮಾಡಿ, ಅರ್ಧ ತಿಂದು, ಒಂದು ಸುತ್ತು ತಿರುಗಾಡಿ ಬಂದು ಉಳಿದದ್ದನ್ನು ಮುಗಿಸುತ್ತದೆ. ಆಮೇಲೆ ಮುಖ ಒರೆಸಿಕೊಳ್ಳುವ ಚಂದ ನೋಡಬೇಕು! ಫ್ರಿಜ್ಜಿನ ತಣ್ಣಗಿನ ಮೀನು ಇಟ್ಟರೆ ತಟ್ಟೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡುತ್ತದೆ. ನಾನೇ ಸೋತು ಬಿಸಿ ಮಾಡಿ ಕೊಡುತ್ತೇನೆ. ಗಂಡನಿಗೆ ಇಷ್ಟು ಉಪಚಾರ ಯಾವತ್ತೂ ಮಾಡಿಲ್ಲ.

ಗಂಡನ ತಾಯಿ, ನನ್ನ ಅತ್ತೆಗೆ ಬೆಕ್ಕನ್ನು ಕಂಡರಾಗುತ್ತಿರಲಿಲ್ಲ. ಅದು ಅಡುಗೆಮನೆಗೆ ಕಾಲಿಟ್ಟರೆ ಕಸ ಗುಡಿಸುವ ಹಿಡಿಸೂಡಿ ಎತ್ತಿಕೊಂಡೇ ಬರುತ್ತಿದ್ದರು. ಅಂಥವರು ಕಳೆದ ಮಳೆಗಾಲದಲ್ಲಿ ಜ್ವರ ಬಂದು ಮಲಗಿದರು. ಜ್ವರ ಬಿಟ್ಟಿತು, ಬಾಯಿರುಚಿ ಮಾತ್ರ ವಾಪಸು ಬರಲಿಲ್ಲ. ಗಂಜಿ ಮುಂದಿಟ್ಟರೆ ಗೋಡೆಯ ಕಡೆ ತಿರುಗಿ ಮಲಗುವರು. ಬಂಟ್ವಾಳದ ಡಾಕ್ಟರು ನೋಡಿ, "ಎರಡು ದಿನದಲ್ಲಿ ಊಟ ಸೇರದಿದ್ರೆ ಮಂಗಳೂರಿನಲ್ಲಿ ಅಡ್ಮಿಟ್ ಮಾಡಿ. ಈ ಪ್ರಾಯದಲ್ಲಿ ಹೀಗೆ ಬಿಟ್ರೆ ಕಷ್ಟ ಉಂಟು" ಎಂದರು. ಸಿಟ್ಟು ಮೂಗಿನ ತುದಿಯಲ್ಲಿರುವವಳು ನಾನು, ಹೆದರಿದಷ್ಟೂ ಬೈಯುತ್ತೇನೆ. ಅವರನ್ನೂ ಬೈದೆ.

ಮರುದಿನ ಗಂಜಿಯ ಜೊತೆ ಸುಟ್ಟ ಬಂಗುಡೆ ಇಟ್ಟು ಬಂದೆ. ತಿರುಗಿ ಬಂದಾಗ ಗಂಜಿ ಹಾಗೇ ಉಂಟು, ಮೀನು ಖಾಲಿ. ಅಷ್ಟಾದರೂ ಸೇರಿತಲ್ಲ ಎಂದು ಹಿಗ್ಗಿದೆ. ಸಂಜೆ ಮತ್ತೆ ಮೀನು ಇಟ್ಟು ಬಾಗಿಲ ಸಂದಿಯಲ್ಲಿ ನೋಡಿದರೆ, ಅತ್ತೆ ಒಂದೊಂದೇ ಮುಳ್ಳು ಬಿಡಿಸಿ ಮಂಚದ ಕೆಳಗೆ ಕೈ ಚಾಚುತ್ತಿದ್ದಾರೆ. ಕೆಳಗೆ ಬೆಕ್ಕು! ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದ್ದದ್ದು ಬೆಕ್ಕಲ್ಲ, ನಮ್ಮ ಅತ್ತೆ.

"ಏನಿದು ಅತ್ತೆ?"

"ನನಗೆ ಸೇರುದಿಲ್ಲ ಮಾರಾಯ್ತಿ. ಹಾಗೇ ಇಟ್ರೆ ನೀನು ಬೈತಿಯಲ್ಲ, ಅದಕ್ಕೆ."

ಅಡುಗೆಮನೆಗೆ ಹೋಗಿ ಕಣ್ಣೀರು ಹಾಕಿದೆ.

ಬೆಳಿಗ್ಗೆ ಅತ್ತೆಯ ಕೂಗು ಕೇಳಿ ಓಡಿದೆ. ಮಂಚದ ಪಕ್ಕದ ಚಾಪೆಯ ಮೇಲೆ ಸತ್ತ ಇಲಿ. ಅದರ ಹಿಂದೆ ಬಾಲ ಸುತ್ತಿಕೊಂಡು ಕೂತ ಬೆಕ್ಕು. ಒಂದು ಚೂರೂ ತಿಂದಿರಲಿಲ್ಲ. ಅತ್ತೆಯ ಮುಖ ನೋಡುವುದು, ಇಲಿಯನ್ನು ಕಾಲಿನಿಂದ ಅವರತ್ತ ದೂಡುವುದು. ಬೇಟೆ ಗೊತ್ತಿಲ್ಲದ ಮರಿಗಳಿಗೆ ಅದು ಹೀಗೆ ತಂದಿಡುವುದನ್ನು ನಮ್ಮ ಅಟ್ಟದಲ್ಲಿ ಎಷ್ಟೋ ಸಲ ನೋಡಿದ್ದೆ. ತನ್ನನ್ನು ಹೊಡೆದೋಡಿಸಿದವರಿಗೂ ತರುತ್ತದೆಂದು ಮಾತ್ರ ಎಣಿಸಿರಲಿಲ್ಲ.

ನಾನು ಹಿಡಿಸೂಡಿಗೆ ಕೈ ಹಾಕಿದೆ. ಅತ್ತೆ ತಡೆದರು.

"ಓಡಿಸ್ಬೇಡ. ನಾನು ಹಸಿದಿದ್ದೇನೆ ಅಂತ ಅದು ಗ್ರಹಿಸಿದೆ, ಪಾಪ."

ತುಂಬ ಹೊತ್ತು ಅದನ್ನೇ ನೋಡಿದರು. ಆಮೇಲೆ ಮೆಲ್ಲ ಎದ್ದು ಕೂತರು.

"ಇನ್ನೂ ತಿನ್ನದಿದ್ರೆ ಇದು ನಾಳೆ ಹೆಗ್ಗಣ ತರ್ತದೆ. ಗಂಜಿ ಉಂಟಾ?"

ಬಿಸಿ ಗಂಜಿ, ಮಾವಿನ ಉಪ್ಪಿನಕಾಯಿ ತಂದುಕೊಟ್ಟೆ. ಅತ್ತೆ ನಿಧಾನವಾಗಿ ಉಂಡರು. ಅಷ್ಟು ಹೊತ್ತೂ ಬೆಕ್ಕು ಕದಲಲಿಲ್ಲ. ಕೊನೆಗೆ ಅವರು ಖಾಲಿ ಬಟ್ಟಲನ್ನು ಅದರತ್ತ ವಾಲಿಸಿ, "ಆಯ್ತು, ನೋಡು" ಎಂದರು.

ಆಗ ಅದು ತನ್ನ ಇಲಿಯನ್ನು ಕಚ್ಚಿಕೊಂಡು ಅಂಗಳಕ್ಕೆ ಹೋಗಿ, ತಲೆಯಿಂದ ಶುರು ಮಾಡಿತು.