ಹುಳದಪ್ಪನ ಅಕ್ಕ ತಂದ ಸೀಬೆಹಣ್ಣು

ಗಡಿಯ ತಪಾಸಣಾ ಕೇಂದ್ರದಲ್ಲಿ ಪ್ರಯಾಣಿಕರ ಚೀಲದಿಂದ ಹಣ್ಣು, ತರಕಾರಿ ಕಿತ್ತುಕೊಳ್ಳಲೆಂದೇ ಸರ್ಕಾರ ಒಬ್ಬ ಮನುಷ್ಯನನ್ನು ಇಟ್ಟಿದೆ. ಸಿಕ್ಕಿದ ಹಣ್ಣನ್ನೆಲ್ಲ ಕೊಯ್ದು ಹುಳ ಹುಡುಕುತ್ತಾನೆ. ಹಾಗಾಗಿ ನಾವು ವ್ಯಾಪಾರಿಗಳು ಅವನನ್ನು ಹುಳದಪ್ಪ ಎನ್ನುತ್ತೇವೆ. ನಾನು ಲಾರಿಗಟ್ಟಲೆ ಹಣ್ಣು ದಾಟಿಸುವವನು. ನನ್ನ ಕಾಗದಕ್ಕೆ ಠಪ್ಪೆಂದು ಮುದ್ರೆ ಬೀಳುತ್ತದೆ. ಮೊಮ್ಮಗುವಿಗೆಂದು ಅಜ್ಜಿಯೊಬ್ಬಳು ತಂದ ಒಂದೇ ಒಂದು ಹಣ್ಣು ಮಾತ್ರ ಡಬ್ಬಿಗೆ ಬೀಳುತ್ತದೆ.

"ಇದ್ಯಾವ ನ್ಯಾಯ ಸಾರ್?" ಎಂದು ಕೆಣಕಿದ್ದೆ.

"ನಿಮ್ದು ಹುಳ ಸಾಯೋ ಔಷಧಿ ಹೊಗೆ ಕುಡ್ಕೊಂಡು ಬಂದಿದೆ. ಅಜ್ಜೀದು ಮನೆಯಿಂದ ಸೀದಾ ಬಂದಿದೆ."

ಅವನಿಗೆ ಮದುವೆಯಾಗಿಲ್ಲ. ಕೌಂಟರಿನ ಹಿಂದಿನ ಕೋಣೆಯಲ್ಲಿ, ಫಿನಾಯಿಲ್ ವಾಸನೆಯ ನಡುವೆ, ಗೋಡೆಗೆ ಮುಖ ಮಾಡಿ ಒಬ್ಬನೇ ಊಟ ಮಾಡುತ್ತಾನೆ. ಯಾರೂ ಮನೆಗೆ ಕರೆಯುವುದಿಲ್ಲ. ಕರೆದರೆ ಹಣ್ಣಿನ ತಟ್ಟೆಗೂ ಚಾಕು ಹಾಕಿಯಾನೆಂಬ ಭಯ. ಸ್ವಂತದವರೆಂದರೆ ಗಡಿಯಾಚೆ ಇರುವ ಅಕ್ಕ ಒಬ್ಬಳೇ. ಅವಳ ಹಿತ್ತಲಲ್ಲಿ ಅಮ್ಮ ನೆಟ್ಟ ಸೀಬೆ ಮರವಿತ್ತು. ರಸ್ತೆ ಅಗಲ ಮಾಡಲು ಅದನ್ನು ಕಡಿಯುತ್ತಾರೆಂದು ತಿಳಿದಾಗ, "ಅದರ ಹಣ್ಣು ಇನ್ನೊಂದ್ಸಲ ತಿನ್ಬೇಕಿತ್ತು. ರಜೆ ಕೊಡ್ಲಿಲ್ಲ" ಎಂದಿದ್ದ. ನನ್ನೊಡನೆ ಅವನು ಆಡಿದ ಮನೆಯ ಮಾತು ಅದೊಂದೇ.

ಕೆಲವು ದಿನಗಳ ನಂತರ ನಾನು ಮುದ್ರೆಗೆ ಕಾಯುತ್ತಿದ್ದಾಗ ಆ ಅಕ್ಕನೇ ಬಂದಳು. ಪಕ್ಕದ ಕೌಂಟರ್ ಖಾಲಿ ಇದ್ದರೂ ತಮ್ಮನ ಸಾಲಿನಲ್ಲೇ ನಿಂತು, ಬಟ್ಟೆಗಂಟನ್ನು ಅವನ ಮುಂದೆ ಬಿಚ್ಚಿದಳು.

"ಮರ ಮೊನ್ನೆ ಕಡಿದ್ರು ಕಣೋ. ಕಡೇ ಹಣ್ಣು, ನಿಂಗೇ ಅಂತ ಕಿತ್ತಿಟ್ಟಿದ್ದೆ."

"ಏನೂ ತರಬೇಡ ಅಂತ ಫೋನಲ್ಲಿ ಹೇಳಿದ್ನಲ್ಲೇ ಅಕ್ಕಾ!"

"ಅದು ಊರವರಿಗೆ ಅಂದ್ಕೊಂಡೆ. ತಮ್ಮನೇ ಕೂತಿರೋವಾಗ ನನ್ನ ಯಾರು ಕೇಳ್ತಾರೆ?"

ನಾನು ಗಂಟಲು ಸರಿಮಾಡಿಕೊಂಡೆ. "ಸಾರ್, ನನ್ನ ಕತ್ತು ಹಿಡ್ಕೊಂಡಿದೆ. ಆ ಕಡೆ ತಿರುಗಿ ನಿಲ್ತೀನಿ."

ಅವನು ನನ್ನತ್ತ ನೋಡಲೂ ಇಲ್ಲ. "ಈ ಹಳದಿ ಗೆರೆ ದಾಟೋ ಮುಂಚೆ ನೀನು ತಿನ್ಬಹುದು. ಉಳಿದಿದ್ದು ಕೊಟ್ಬಿಡ್ಬೇಕು," ಎಂದ ಅಕ್ಕನಿಗೆ.

"ನೀನೂ ಒಂದು ಚೂರು ತಗೋ."

"ನಾನು ತಿನ್ನೋ ಹಾಗಿಲ್ಲ. ತಿಂದ್ರೆ, ಇಷ್ಟು ವರ್ಷ ಜನರ ಕೈಯಿಂದ ಕಿತ್ಕೊಂಡಿದ್ದಕ್ಕೆ ಏನು ಅರ್ಥ?"

ಅವಳು ಗೆರೆಯ ಬಳಿ ನಿಂತು ಒಂದು ಹಣ್ಣು ತಿಂದಳು. ಎರಡನೆಯದು ಅರ್ಧಕ್ಕೇ ನಿಂತಿತು. ಅವನು ಡಬ್ಬಿ ಹಿಡಿದು ಎದುರಿಗೇ ನಿಂತಿದ್ದ. ಉಳಿದವನ್ನು ಒಂದೊಂದಾಗಿ ಕೊಯ್ದ. ಕೌಂಟರ್ ತುಂಬ ಘಮಘಮ. ಒಂದರಲ್ಲೂ ಹುಳ ಇರಲಿಲ್ಲ. ಎಲ್ಲವನ್ನೂ ಡಬ್ಬಿಗೆ ಸುರಿದು, ಚಾಕುವನ್ನು ನಲ್ಲಿಯ ಕೆಳಗೆ ಬಹಳ ಹೊತ್ತು ತೊಳೆದ.

ಪಾಳಿ ಮುಗಿದ ಮೇಲೆ ಇಬ್ಬರನ್ನೂ ನನ್ನ ವ್ಯಾನಿನಲ್ಲಿ ಕೂರಿಸಿಕೊಂಡೆ. ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದ್ದಳು. ದಾರಿ ಅರ್ಧ ಕಳೆದ ಮೇಲೆ ಅವನು ಮೆಲ್ಲಗೆ ಕೇಳಿದ:

"ಸಿಹಿ ಇತ್ತೇನೇ?"

"ಗೊತ್ತಾಗ್ಲಿಲ್ಲ ಕಣೋ. ಎಲ್ಲಾ ನೋಡ್ತಿದ್ರು. ಗಬಗಬ ನುಂಗ್ಬಿಟ್ಟೆ."