ಮೂವತ್ತನೇ ಪುಟದ ಮಹದೇವ

ಇದನ್ನು ಬರೆದವಳ ಅಕ್ಷರ ಕೋಳಿ ಕೆದಕಿದ ಹಾಗಿದೆ. ಮಾತುಗಳೂ ಅಷ್ಟಕ್ಕಷ್ಟೆ. ಓದುವವರು ಕ್ಷಮಿಸಬೇಕು. ನಡೆದದ್ದನ್ನು ಮಾತ್ರ ಕೂಡಿಸದೆ ಕಳೆಯದೆ ಬರೆದಿದೆ. ಅನುಮಾನ ಬಂದ ಎರಡು ಕಡೆ ಹೋಗಿ ಕೇಳಿಕೊಂಡು ಬಂದದ್ದೂ ಉಂಟು.

ಹನಕೆರೆಯ ಮಹದೇವನಿಗೆ ನಲವತ್ತೊಂದು ವರ್ಷ. ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಮಿಷನ್ ನೋಡಿಕೊಳ್ಳುವ ಕೆಲಸ. ಅಲ್ಲಿ ಸೂಪರ್‌ವೈಸರ್ ಹೇಳಿದ್ದೇ ಮಾತು. ಮನೆಯಲ್ಲಿ ತಾಯಿ ಜಯಲಕ್ಷ್ಮಮ್ಮ ಹೇಳಿದ್ದೇ ಮಾತು. ಅವರಿಲ್ಲದ ಹೊತ್ತಿನಲ್ಲಿ ಹೆಂಡತಿ ಹೇಳಿದ್ದು. ಮಹದೇವ ಹೇಳಿದ್ದು ನಡೆಯುತ್ತಿದ್ದ ಜಾಗ ಭೂಮಿಯ ಮೇಲೆ ಒಂದೇ: ಮದ್ದೂರಿನಲ್ಲಿ ಚೌಡಯ್ಯನವರ ರಾಗಿ ಮಿಲ್ಲಿನ ಹಿಂದಿನ ಕೋಣೆ. ಅದೂ ಭಾನುವಾರ ಮಧ್ಯಾಹ್ನ ಮಾತ್ರ.

ಅಲ್ಲಿ ಎರಡು ಡ್ರಮ್ಮಿನ ಮೇಲೆ ಹಳೆಯ ಬಾಗಿಲೊಂದನ್ನು ಮೇಜಿನಂತೆ ಮಲಗಿಸಿ, ಥರ್ಮಾಕೋಲಿನ ಗುಡ್ಡ, ನೀಲಿ ಬಟ್ಟೆಯ ಹೊಳೆ ಮಾಡಿ, ಹೆಬ್ಬೆಟ್ಟಿನಷ್ಟು ಎತ್ತರದ ಗೊಂಬೆ ಸೈನಿಕರನ್ನು ನಿಲ್ಲಿಸಿ ಯುದ್ಧ ಆಡುತ್ತಾರೆ. ಟೈಲರ್ ಟೇಪಿನಲ್ಲಿ ಅಳೆದು ಪಡೆ ನಡೆಸಬೇಕು, ದಾಳ ಹಾಕಿ ಹೊಡೆಯಬೇಕು. ಗೊಂಬೆಗಳಿಗೆ ಬಣ್ಣ ಹಚ್ಚುವವಳು ಮಹದೇವನ ಅಕ್ಕನ ಮಗಳು ಮಂಜುಶ್ರೀ. ಅವಳು ಮೂಲೆಯಲ್ಲಿ ಕೂತು ನೋಡುತ್ತಾಳೆ, ಮಾತಾಡುವುದಿಲ್ಲ.

ಆಟದ ನಿಯಮಗಳೆಲ್ಲ ಒಂದು ಇಂಗ್ಲಿಷ್ ಪುಸ್ತಕದಲ್ಲಿವೆ. ಅದರ ಎರಡನೇ ಆವೃತ್ತಿಯ ಜೆರಾಕ್ಸನ್ನು ಒಂಬತ್ತು ವರ್ಷದ ಹಿಂದೆ ಕಾರ್ಖಾನೆ ಬಿಟ್ಟುಹೋದ ಗೆಳೆಯನೊಬ್ಬ ಮಹದೇವನಿಗೆ ಕೊಟ್ಟಿದ್ದ. ಚೌಡಯ್ಯನವರಿಗೆ ಇಂಗ್ಲಿಷ್ ಬಾರದು. ತಕರಾರು ಬಂದಾಗಲೆಲ್ಲ ಮಹದೇವ ಪುಟ ತಿರುವಿ, ಕನ್ನಡಕ ಏರಿಸಿ, "ಬುಕ್ಕಲ್ಲಿ ಇಂಗದೆ" ಎನ್ನುತ್ತಿದ್ದ. ಅಲ್ಲಿಗೆ ಮುಗಿಯಿತು.

ಆ ಜೆರಾಕ್ಸಿನಲ್ಲಿ ಮೂವತ್ತರಿಂದ ಮೂವತ್ಮೂರರವರೆಗಿನ ಪುಟಗಳಿರಲಿಲ್ಲ. ಪ್ರತಿ ಸುತ್ತಿನಲ್ಲಿ ಯಾರು ಮೊದಲು ಪಡೆ ನಡೆಸಬೇಕೆಂಬುದು ಇದ್ದದ್ದೇ ಆ ಪುಟಗಳಲ್ಲಿ. ಮೊದಲ ಭಾನುವಾರ ಚೌಡಯ್ಯ ಕೇಳಿದಾಗ, ಪುಟ ಇಲ್ಲ ಎನ್ನಲು ನಾಚಿಕೆಯಾಗಿ, ಮಹದೇವ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ: ಹೆಚ್ಚು ಜನರನ್ನು ಕಳೆದುಕೊಂಡವನು ಮೊದಲು. ಅದು ಎಲ್ಲಿಂದಲೋ ಬಂದದ್ದಲ್ಲ. ಅವನ ಗದ್ದೆ ನಾಲೆಯ ಕೊನೆಯಲ್ಲಿದೆ. ನೀರು ಬಿಟ್ಟಾಗ ಕೊನೆಯ ಗದ್ದೆಯಿಂದ ಸರದಿ ಶುರುಮಾಡುವುದು ಅವರೂರಿನಲ್ಲಿ ನಾಲೆಯ ನೀರು ಹಂಚುವ ನೀರುಗಂಟಿಯ ಪದ್ಧತಿ. ನ್ಯಾಯವೆಂದರೆ ಮಹದೇವನಿಗೆ ಅದೇ.

ಕಳೆದ ವರ್ಷ ಮಳವಳ್ಳಿಯ ಪ್ರೀತಂ ಸೇರಿಕೊಂಡ. ಇಪ್ಪತ್ಮೂರು ವರ್ಷ, ಮೊಬೈಲ್ ಅಂಗಡಿಯಲ್ಲಿ ಕೆಲಸ, ಒಳ್ಳೆಯವನು. ಅವನು ನಾಲ್ಕನೇ ಆವೃತ್ತಿಯನ್ನು ತಂದ. ಬಣ್ಣದ ಚಿತ್ರಗಳು, ಕಾರ್ಡುಗಳು. ಯಾರ ಸರದಿ ಎಂಬುದನ್ನು ಫೋನೇ ಹೇಳುತ್ತದೆ. ಮಿಲ್ಲಿನ ಹಿಂದೆ ನೆಟ್‌ವರ್ಕ್ ಸಿಗದೆ ಎರಡೂ ಸೈನ್ಯಗಳು ಗಂಟೆಗಟ್ಟಲೆ ಎದುರುಬದುರು ನಿಂತಿರುತ್ತಿದ್ದವು. ಅದನ್ನಾದರೂ ಸಹಿಸಬಹುದಿತ್ತು. ಚೌಡಯ್ಯನವರ ಆರು ಆನೆಗಳು ಹೊಸ ಪಟ್ಟಿಯಲ್ಲೇ ಇರಲಿಲ್ಲ.

"ನನ್ನಾನೆ ಏನ್ಲಾ ತಪ್ಪು ಮಾಡಿತ್ತು?" ಎಂದು ಚೌಡಯ್ಯ ಕೇಳಿದರು.

"ಹೊಸ ಎಡಿಶನ್ನಲ್ಲಿ ಆನೆ ಇಲ್ಲ ಕಣಣ್ಣ."

"ಇಲ್ದಿದ್ರೆ ಇಲ್ಲಿ ನಿಂತಿರೋದೇನು, ಎಮ್ಮೆಯಾ?"

ಮಹದೇವ ಇದಕ್ಕೇ ಕಾಯುತ್ತಿದ್ದ. ಹಳೆಯದರ ಹಿರಿಮೆಯನ್ನು ಅರ್ಧ ಗಂಟೆ ವಿವರಿಸಿದ. "ಅಳೇ ಬುಕ್ಕಿಗೇ ಓಗಾನ. ಒಂದಕ್ಸರ ಆಚೀಚೆ ಮಾಡದಂಗೆ ಆಡಾನ. ನ್ಯಾಯ ಅನ್ನೋದು ಅದ್ರಾಗೆ ಮಾತ್ರ ಅದೆ" ಎಂದ. ಪ್ರೀತಂಗೆ ಮನಸ್ಸು ಕರಗಿತು. ಇಂಥ ನಿಷ್ಠೆಗೆ ಏನಾದರೂ ಮಾಡಬೇಕೆಂದು ಎರಡು ತಿಂಗಳು ಫೋನಿನಲ್ಲಿ ಹುಡುಕಿ, ಎರಡನೇ ಆವೃತ್ತಿಯ ಅಸಲು ಪುಸ್ತಕವನ್ನೇ ತರಿಸಿದ.

"ಮಾದೇವಣ್ಣ, ನಿಮಗೋಸ್ಕರಾನೇ ಹುಡುಕಿಸಿದ್ದು. ಒಂದು ಪುಟನೂ ಹೋಗಿಲ್ಲ."

ಮಹದೇವ ಜೆರಾಕ್ಸನ್ನು ಎದೆಗೆ ಒತ್ತಿಕೊಂಡ. "ಅದ್ನ ದೇವ್ರ ಪಟದ ತಾವ ಮಡಗು. ಆಡಕೆ ಜೆರಾಕ್ಸೇ ಸಾಕು" ಎಂದ.

ಅಷ್ಟರಲ್ಲಿ ಪ್ರೀತಂ ಪುಟ ತೆರೆದಾಗಿತ್ತು. ಮೂವತ್ತನೇ ಪುಟದಲ್ಲಿ ದಪ್ಪ ಅಕ್ಷರದಲ್ಲೇ ಇತ್ತು: ಹಿಂದಿನ ಸುತ್ತಿನಲ್ಲಿ ಗೆದ್ದವನೇ ಮೊದಲು. ಪ್ರೀತಂ ಎರಡು ಸಲ ಓದಿಕೊಂಡು, ಹಿರಿಯರ ಮರ್ಯಾದೆ ಉಳಿಸುವ ದನಿಯಲ್ಲಿ, "ನೀವು ಉಲ್ಟಾ ಓದ್ಕೊಂಡಿದೀರ ಅನ್ಸುತ್ತೆ ಅಣ್ಣ" ಎಂದ.

"ಇರ್ಬೋದು ಕಣಪ್ಪ. ಜೆರಾಕ್ಸು ಮಸ್ಕಾಗಿತ್ತು."

ಒಂದಕ್ಷರ ಆಚೀಚೆ ಮಾಡಬಾರದೆಂದವನು ತಾನೇ. ಆದ್ದರಿಂದ ಅಸಲು ಪುಸ್ತಕದಂತೆಯೇ ಆಡಿದರು. ಮೊದಲ ಸುತ್ತು ಪ್ರೀತಂ ಗೆದ್ದ. ಗೆದ್ದವನೇ ಮೊದಲು ಹೊಡೆದ, ಹೊಡೆದವನೇ ಮತ್ತೆ ಗೆದ್ದ. ತರಿಸಿದ ಟೀ ಇನ್ನೂ ಬಂದಿರಲಿಲ್ಲ, ಚೌಡಯ್ಯನವರ ನಾಲ್ಕು ಆನೆ ಮಲಗಿದ್ದವು.

ಚೌಡಯ್ಯ ಬೈಯಲಿಲ್ಲ. ಎದ್ದು, ಆನೆಗಳನ್ನು ಒಂದೊಂದಾಗಿ ಊಟದ ಡಬ್ಬಿಗೆ ತುಂಬತೊಡಗಿದರು.

"ನಾಳಿಂದ ಈ ರೂಮ್ನಾಗೆ ಬೂಸಾ ಮೂಟೆ ಮಡಗ್ತೀನಿ. ನೀವು ಬೇರೆ ತಾವು ನೋಡ್ಕಳಿ."

ಮಹದೇವ ಡಬ್ಬಿಯ ಮುಚ್ಚಳವನ್ನೇ ನೋಡುತ್ತ ನಿಂತ. ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತದೆ, ಮೇಜು ಹೋಗುತ್ತದೆ. ಬಾಯಿಬಿಟ್ಟರೆ ಮರ್ಯಾದೆ ಹೋಗುತ್ತದೆ, ಮೇಜು ಉಳಿದರೂ ಉಳಿಯಬಹುದು. ಮೇಜೇ ಇಲ್ಲದೆ ಮರ್ಯಾದೆಯನ್ನು ಇಟ್ಟುಕೊಳ್ಳುವುದಾದರೂ ಎಲ್ಲಿ?

"ಚೌಡಣ್ಣ, ಆ ಪುಟ ನನ್ತಾವ ಇರ್ಲೇ ಇಲ್ಲ. ಸೋತೋನು ಮೊದ್ಲು ಅಂತ ನಾನೇ ಏಳಿದ್ದು."

"ಗೊತ್ತು ಕಣ್ಲಾ" ಎಂದರು ಚೌಡಯ್ಯ, ಐದನೇ ಆನೆಯನ್ನು ಒರೆಸುತ್ತ.

"ಎಂಗೆ?"

"ಇಂಗ್ಲೀಸು ಬರಾಕಿಲ್ಲ, ನಂಬರ್ ಬತ್ತದೆ. ನಿನ್ನ ಜೆರಾಕ್ಸಲ್ಲಿ ಇಪ್ಪತ್ತೊಂಬತ್ತಾದ್ಮೇಲೆ ಮೂವತ್ನಾಕದೆ. ಅದೂ ಅಲ್ದೆ, ಇಂಗ್ಲೀಸ್ನೋರ ಬುಕ್ಕಲ್ಲಿ ಸೋತೋನಿಗೆ ಮೊದ್ಲು ಬುಡ್ತಾರೇನ್ಲಾ? ಅದು ನಿಮ್ಮೂರ ನೀರುಗಂಟಿ ಮಾತು."

"ಮತ್ಯಾಕೆ ಒಂಬತ್ ವರ್ಸ ಸುಮ್ಕಿದ್ರಿ?"

"ದಿನಾ ಸೋಲೋನು ನಾನು. ಏಳಿ ನಾನ್ಯಾಕ್ಲಾ ಕಳ್ಕಳ್ಳಿ?"

ಪ್ರೀತಂ ಒಬ್ಬರಾದ ಮೇಲೊಬ್ಬರ ಮುಖ ನೋಡಿದ. "ಹಂಗಾದ್ರೆ ಇಷ್ಟು ದಿನ ನಾವು ಆಡ್ತಿದ್ದದ್ದು ಯಾವ ಎಡಿಶನ್ನು?"

"ಅನಕೆರೆ ಎಡಿಶನ್ನು" ಎಂದು ಚೌಡಯ್ಯ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ಆನೆಗಳು ಉರುಳಿ ಬಂದವು.

ಮತ್ತೆ ಮೊದಲಿನಿಂದ ಆಡಿದರು, ಸೋತವನು ಮೊದಲು ಎಂಬ ಲೆಕ್ಕದಲ್ಲೇ. ಪ್ರೀತಂ ಕೂಡ ಒಪ್ಪಿದ. ಟೀ ಬಂತು, ಕುಡಿದರು. ಮೂರನೇ ಸುತ್ತಿನಲ್ಲಿ, ಆನೆ ಒಂದೇ ಸುತ್ತಿಗೆ ಹೊಳೆ ದಾಟಬಹುದೇ ಎಂಬ ತಕರಾರು ಬಂತು. ಮಹದೇವ ಕನ್ನಡಕ ಏರಿಸಿ, "ಬುಕ್ಕಲ್ಲಿ ಇಂಗದೆ" ಎಂದು ಶುರುಮಾಡಿದ.

"ತೋರ್ಸು" ಎಂದರು ಚೌಡಯ್ಯ.

"ಹೂಂ, ತೋರ್ಸಿ ಅಣ್ಣ" ಎಂದ ಪ್ರೀತಂ.

ಒಂಬತ್ತು ವರ್ಷದಲ್ಲಿ ಯಾರೂ ಆ ಮಾತು ಆಡಿರಲಿಲ್ಲ. ಮಹದೇವ ಪುಟ ತಿರುವುತ್ತಲೇ ಇದ್ದ. ಮಳವಳ್ಳಿ ಬಸ್ಸಿನ ಹೊತ್ತಾಯಿತೆಂದು ಪ್ರೀತಂ ಹೊರಟುಹೋದ. ಆನೆ ನೀಲಿ ಬಟ್ಟೆಯ ನಡುವೆ ನಿಂತೇ ಇತ್ತು.

ಹನಕೆರೆಯ ಬಸ್ಸಿನಲ್ಲಿ ಮಹದೇವ ಕಿಟಕಿಯ ಕಡೆ ತಿರುಗಿ ಕೂತ. ಇನ್ನು ಭಾನುವಾರವೂ ಸೋಮವಾರದ ಹಾಗೆಯೇ ಆಯಿತಲ್ಲ ಎನ್ನಿಸಿತು ಅವನಿಗೆ.

"ಮೇಜು ಉಳೀತಲ್ಲ ಮಾವ" ಎಂದಳು ಮಂಜುಶ್ರೀ.

"ಉಳೀತು ಬುಡು. ಕುರ್ಚಿ ಓಯ್ತು." ಅವನು ಅಸಲು ಪುಸ್ತಕವನ್ನು ಅವಳ ಮಡಿಲಿಗೆ ಹಾಕಿದ. "ನೀನೇ ಓದ್ಕಳವ್ವ. ನಾನು ಓದುದ್ರೆ ಇನ್ಯಾರೂ ನಂಬಾಕಿಲ್ಲ."

ಮಂಜುಶ್ರೀ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು, ಈ ಕೋಳಿ ಕೆದಕಿದ ಅಕ್ಷರವೂ ಅವಳದೇ. ಆನೆ ಹೊಳೆ ದಾಟುವ ಪುಟ ಎಲ್ಲಿದೆಯೋ ಅವಳಿಗೆ ಇನ್ನೂ ತಿಳಿದಿಲ್ಲ. ನಾಳೆ ಬೆಳಿಗ್ಗೆ ಅವಳು ಮಂಡ್ಯಕ್ಕೆ ಹೋಗಿ ಒಂದು ಇಂಗ್ಲಿಷ್-ಕನ್ನಡ ನಿಘಂಟು ತರುತ್ತಾಳೆ.