ಬೈಲುಕುಪ್ಪೆಯ ಅರ್ಧನಾರೀಶ್ವರ

ಆ ಕಾಲಕ್ಕೆ ನಮ್ಮೂರಿನಲ್ಲಿ ಮೀಸೆ ಹಲವರಿಗಿತ್ತು. ಅದರ ಬಲದಿಂದ ರಾಜ್ಯಭಾರ ಮಾಡುತ್ತಿದ್ದವರು ಮಾತ್ರ ನನ್ನ ಸೋದರಮಾವ ಒಬ್ಬರೇ. ಪಿರಿಯಾಪಟ್ಟಣದಿಂದ ಬೈಲುಕುಪ್ಪೆಗೆ ಹೋಗುವ ದಾರಿಯ ಊರು ನಮ್ಮದು. ಮಾವ ಅಲ್ಲಿ ನಾಟಕದ ಮೇಷ್ಟ್ರು. ಹಾರ್ಮೋನಿಯಂ ಅವರದು, ಬೈಗುಳ ಅವರದು, ರಾಜನ ಪಾರ್ಟೂ ಅವರದೇ. ಅಂಟಿಸಿದ ಮೀಸೆ ಮೂರನೆಯ ಪದ್ಯಕ್ಕೆಲ್ಲ ಬೆವರಿಗೆ ಕಳಚಿ ಬೀಳುತ್ತದೆ, ಮೀಸೆ ಬಿದ್ದ ರಾಜನಿಗೆ ಪ್ರಜೆಗಳು ಹೆದರುವುದಿಲ್ಲ ಎಂಬುದು ಅವರ ಸಿದ್ಧಾಂತ. ಹೀಗಾಗಿ ಸ್ವಂತ ಮೀಸೆ ಉಳ್ಳವನಿಗೇ ಕಿರೀಟ ಎಂಬುದು ನಮ್ಮ ಸಂಘದ ಅಲಿಖಿತ ಸಂವಿಧಾನ. ನಾನು ಪ್ರಾಂಪ್ಟರ್. ಎಸ್ಸೆಸ್ಸೆಲ್ಸಿ ಮುಗಿಸಿ, ಸರ್ಕಾರ ನನ್ನನ್ನು ಕರೆಯುವತನಕ ಪರದೆಯ ಮರೆಯಲ್ಲಿ ನಿಂತು ರಾಜನಿಗೆ ಮಾತು ಸರಬರಾಜು ಮಾಡುವ ಹೊಣೆ ಹೊತ್ತಿದ್ದೆ.

ಕಿರೀಟದ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ಹೋಟೆಲ್ ಸಾಹುಕಾರರದು. ಹಣೆತುಂಬ ವಿಭೂತಿ, ತುಟಿತುಂಬ ಮೀಸೆ, ಆದರೂ ವರ್ಷವರ್ಷವೂ ದ್ರೋಹಿ ಮಂತ್ರಿಯ ಪಾರ್ಟು.

ಬೈಲುಕುಪ್ಪೆಯಲ್ಲಿ ಟಿಬೆಟ್ಟಿನವರು ಕಾಡು ಕಡಿದು ಜೋಳ ಬಿತ್ತಿ ಆಗಲೇ ಕೆಲವು ವರ್ಷ ಕಳೆದಿದ್ದವು. ಅವರಲ್ಲೊಬ್ಬ ಮುದುಕ ಸಂತೆಗೆ ಬಂದಾಗಲೆಲ್ಲ ಸಾಹುಕಾರರ ಹೋಟೆಲಿನಲ್ಲಿ ಕೂರುತ್ತಿದ್ದ. ಅವನು ಕನ್ನಡ ಕಲಿತದ್ದು ನೇಗಿಲು ಹೂಡುವವರಿಂದ. ಆದ್ದರಿಂದ ಅವನ ಕನ್ನಡದಲ್ಲಿ ಮರ್ಯಾದೆಯ ಪ್ರತ್ಯಯಗಳಿರಲಿಲ್ಲ. ಯಾರೇ ಎದುರಾದರೂ ‘ಕಣ್ಲಾ’.

"ನಾಳಿದ್ದು ನಮ್ದು ನಾಟ್ಕ ಅದೆ. ಬನ್ರಲಾ," ಎಂದ ಒಂದು ದಿನ.

"ಬಂದ್ರೆ ನಮ್ಗೇನ್ ಅರ್ತ ಆದದು?" ಎಂದರು ಸಾಹುಕಾರರು.

ಮೂಲೆಯಲ್ಲಿದ್ದ ಮಾವನಿಗೆ ಈ ಮಾತು ವೃತ್ತಿನಿಂದೆಯಾಗಿ ಕೇಳಿಸಿತು. "ಯಾಕಾಗಾಕಿಲ್ಲ? ನಾಟ್ಕ ಅಂದ್ರೆ ಪರಪಂಚದಲ್ಲೆಲ್ಲಾ ಒಂದೇ ಕಣ್ರೀ. ಒಬ್ಬ ರಾಜ, ಒಬ್ಳು ರಾಣಿ, ಮಧ್ಯ ಒಬ್ಬ ಮನೆಹಾಳ. ನೋಡ್ಕ ಬಂದು ಕತೆ ಒಪ್ಪಿಸ್ತೀನಿ."

"ಒಪ್ಪಿಸ್ದೆ ಓದ್ರೆ?"

"ಮೀಸೆ ಬೋಳಿಸ್ಕತೀನಿ."

ಸಾಹುಕಾರರು ಕಾಫಿ ಸೋಸುವುದನ್ನು ನಿಲ್ಲಿಸಿದರು. ನಮ್ಮೂರಿನ ನಾಟಕ ಮುಂದಿನ ವಾರವೇ ಇತ್ತು. ಮೀಸೆ ಹೋದರೆ ಕಿರೀಟವೂ ಹೋಯಿತು. ಕತೆ ಸರಿಯೋ ತಪ್ಪೋ ಹೇಳಲು ಮುದುಕನೇ ನ್ಯಾಯಾಧೀಶನೆಂದು ಅಲ್ಲೇ ನಿಶ್ಚಯವಾಯಿತು.

ಮಾವ, ಸಾಹುಕಾರರು, ನಾನು ಮೂವರೂ ಹೋದೆವು. ಹಾಡುಹಗಲಿನಲ್ಲಿ ನಾಟಕ! ನಡುವೆ ಕಂಬ ನೆಟ್ಟು ಬಿಳಿ ಬಟ್ಟೆಯ ಚಪ್ಪರ ಎಳೆದಿದ್ದರು, ಜನ ಸುತ್ತಲೂ ಕೂತಿದ್ದರು. ಹಾರ್ಮೋನಿಯಂ ಇಲ್ಲ, ಒಂದು ಡೋಲು, ಒಂದು ಜೊತೆ ದೊಡ್ಡ ತಾಳ. ಪರದೆಯೂ ಇಲ್ಲ, ಆದ್ದರಿಂದ ನನ್ನ ಹುದ್ದೆಯೂ ಇಲ್ಲ. ಕತೆ ಹೇಳುವವನು ಉಸಿರು ಬಿಡದೆ ಒದರುತ್ತಿದ್ದ ವೇಗಕ್ಕೆ ಸಂತೆಯಲ್ಲಿ ಹರಾಜು ಕೂಗುವವನೂ ತಲೆಬಾಗಬೇಕು. ನಮಗೆ ಬೆಣ್ಣೆ ಹಾಕಿದ ಉಪ್ಪಿನ ಟೀ ಕೊಟ್ಟರು. ಸಾಹುಕಾರರು ಒಂದು ಗುಟುಕಿಗೆ ಕಣ್ಣು ಮುಚ್ಚಿ, ಹೋಟೆಲಿನವರ ಧರ್ಮಕ್ಕೆ ಕಟ್ಟುಬಿದ್ದು, ಬಟ್ಟಲು ಖಾಲಿ ಮಾಡಿದರು. ಖಾಲಿಯಾದ ಬಟ್ಟಲನ್ನು ಮತ್ತೆ ತುಂಬುವುದು ಟಿಬೆಟ್ಟಿನವರ ಧರ್ಮವಂತೆ, ತುಂಬಿದರು.

ಮೊದಲು ನೀಲಿ ಮುಖವಾಡ ತೊಟ್ಟವರು ಸೊಂಟದ ದಾರಗಳು ಗಾಳಿಗೆ ಕೊಡೆಯಂತೆ ಅರಳುವ ಹಾಗೆ ಗಿರಗಿರ ತಿರುಗಿದರು. ಮಾವ ದಿಟ್ಟಿಸಿ ನೋಡಿ, "ಬೇಡ್ರು," ಎಂದರು. ಮುದುಕ ಹೌದೆಂದು ತಲೆಯಾಡಿಸಿದ. ಸಾಹುಕಾರರ ಮುಖ ಸಣ್ಣದಾಯಿತು.

ಆಮೇಲೆ ರಾಣಿ ಬಂದಳು, ಜೊತೆಗೊಂದು ಮಗು. ರಾಜಭಟರು ಮಗುವನ್ನು ಎಳೆದೊಯ್ದಾಗ ಆಕೆ ಹಾಡತೊಡಗಿದಳು. ಒಂದೇ ಸ್ವರವನ್ನು ಉದ್ದಕ್ಕೆ ಎಳೆದು, ಗಂಟಲಲ್ಲೇ ಮುರಿದು, ಮುರಿದ ತುಂಡುಗಳನ್ನು ಮತ್ತೆ ಜೋಡಿಸುವಂಥ ಹಾಡು. ಒಂದಕ್ಷರವೂ ತಿಳಿಯಲಿಲ್ಲ. ನಾನು ವೇಷದಿಂದ ಕಣ್ಣು ತೆಗೆದು ಸುತ್ತಲ ಮುಖಗಳನ್ನು ನೋಡಿದೆ. ಜಪಸರ ಹಿಡಿದ ಅಜ್ಜಿಯರು ಯಾವ ಗಳಿಗೆಗೆ ಕಣ್ಣೊರೆಸಿಕೊಂಡರೋ ಅದೇ ಗಳಿಗೆಗೆ ಮಾವನೂ ಟವಲು ತೆಗೆದರು. "ಮಗೀನ ಕಿತ್ಕಂಡ್ರು ಕಣೋ," ಎಂದರು. ಮಾತಿಲ್ಲದೆ ಇದು ಹೇಗೆ ದಾಟಿ ಬಂತು? ಮಾತು ಸರಬರಾಜೇ ಕಸುಬಾಗಿದ್ದ ನನಗೆ ಇದು ತುಸು ಕಳವಳದ ಸಂಗತಿ.

ಅಷ್ಟರಲ್ಲಿ ಇನ್ನೊಂದು ವೇಷ ಒಳಗೆ ಬಂತು. ಮುಖವಾಡದ ಒಂದು ಪಾಲು ಬಿಳಿ, ಇನ್ನೊಂದು ಪಾಲು ಕಪ್ಪು.

ಮಾವ ಎದ್ದು ನಿಂತರು. "ಅರ್ಧನಾರೀಶ್ವರ! ಶಿವನೇ ಬಂದ. ಮಗು ಸಿಕ್ತು ಬುಡು!" ಎಂದು ಕೈಮುಗಿದರು. ಸಾಹುಕಾರರು ಪಣವನ್ನು ಮರೆತು, ಚಪ್ಪಲಿ ಕಳಚಿ, ಕೆನ್ನೆ ತಟ್ಟಿಕೊಂಡು ‘ಶಿವಶಿವಾ’ ಎಂದರು. ಇಬ್ಬರು ಹಿರಿಯರು ನಿಂತ ಮೇಲೆ ನಾನು ಕೂತಿರುವುದು ಸರಿಯಲ್ಲವೆಂದು ನಾನೂ ನಿಂತೆ. ಸುತ್ತಲಿಂದ ಚಪ್ಪರ ಹಾರಿಹೋಗುವಂಥ ನಗು. ವೇಷಧಾರಿ ತನ್ನೆದುರು ಹುಟ್ಟಿಕೊಂಡ ಭಕ್ತರನ್ನು ಕಂಡು ಮಾತು ಮರೆತ. ಪ್ರಾಂಪ್ಟರ್ ಇಲ್ಲದ ನಾಟಕದ ಗತಿ ಅಷ್ಟೇ.

ಮುದುಕ ಮಾವನ ಪಂಚೆ ಹಿಡಿದು ಕೂರಿಸಿದ. "ದೇವ್ರಲ್ಲ ಕಣ್ಲಾ! ಮನೆಹಾಳಿ! ಈ ಕಡೀಕೆ ಒಂದ್ ಮಾತು, ಆ ಕಡೀಕೆ ಒಂದ್ ಮಾತು. ಅದ್ಕೇ ಎಲ್ಡು ಬಣ್ಣ. ಮಗೀನ ಕಿತ್ಕಳಿ ಅಂತ ಏಳ್ಕೊಟ್ಟೋಳೇ ಇವ್ಳು."

ಸಾಹುಕಾರರು ಮುಗಿದ ಕೈ ಬಿಡಿಸಿಕೊಂಡರು. "ಮೇಷ್ಟ್ರೇ, ಮೀಸೆ."

"ನೀವೂ ಕೈ ಮುಗುದ್ರಲ್ರೀ!"

"ನಾನು ಕತೆ ಏಳ್ತೀನಿ ಅಂದಿದ್ನಾ? ನಾನು ಬರೀ ಭಕ್ತ ಕಣ್ರೀ."

ತೀರ್ಪು ನಾಟಕ ಮುಗಿದ ಮೇಲೆ ಹೊರಬಿತ್ತು. ಮುದುಕ ಬೆರಳು ಮಡಿಸಿದ: "ಬೇಡ್ರು ಸರಿ. ಅವ್ವನ ಸಂಕ್ಟ ಸರಿ. ಮನೆಹಾಳೀನ ದೇವ್ರು ಮಾಡ್ದೆ, ತೆಪ್ಪು. ಅರ್ಧ ಸರಿ, ಅರ್ಧ ತೆಪ್ಪು. ಅರ್ಧ ಬೋಳುಸ್ಲಾ."

ಮಾವ ಅರ್ಧವನ್ನೇ ಬೋಳಿಸಿಕೊಂಡರು. ಇನ್ನರ್ಧವನ್ನೂ ತೆಗೆಯಿರೆಂದು ಅತ್ತೆ ಗೋಗರೆದರು. ತೀರ್ಪು ತೀರ್ಪೇ ಎಂದು ಮಾವ ಒಪ್ಪಲಿಲ್ಲ. ಸಂವಿಧಾನದ ಪ್ರಕಾರ ಕಿರೀಟ ಸಾಹುಕಾರರಿಗೆ ಹೋಯಿತು, ದ್ರೋಹಿ ಮಂತ್ರಿಯ ಪಾರ್ಟು ಮಾವನ ಪಾಲಿಗೆ ಬಂತು. ತಾಲೀಮಿನಲ್ಲಿ ಅವರು ಯಾರನ್ನೂ ಬೈಯಲಿಲ್ಲ. ಅದು ನನ್ನನ್ನು ಹೆದರಿಸಿತು.

ನಾಟಕದ ದಿನ ಬಣ್ಣದ ಕೋಣೆಯಲ್ಲಿ ಕನ್ನಡಿ ಹಿಡಿದು, ಬೋಳಿಸಿದ ಕಡೆಗೆ ಬಿಳಿ ಸಫೇದವನ್ನೂ ಮೀಸೆಯ ಕಡೆಗೆ ಕಾಡಿಗೆಯನ್ನೂ ಬಳಿದುಕೊಂಡರು. "ದ್ರೋಹಿ ಅಂದ್ರೆ ಎಂಗಿರ್ತಾನೆ ಅಂತ ಇವತ್ತು ತೋರುಸ್ತೀನಿ ಕಣೋ," ಎಂದರು.

ರಂಗಕ್ಕೆ ಕಾಲಿಟ್ಟರು. ಹೆಂಗಸರ ಕಡೆಯಿಂದ ಒಂದು ಧ್ವನಿ: "ಅರ್ಧನಾರೀಶ್ವರ ಕಣವ್ವಾ!" ಒಂದು ಕಡೆ ಮೀಸೆ, ಇನ್ನೊಂದು ಕಡೆ ಇಲ್ಲ, ಇದಕ್ಕಿಂತ ಸಾಕ್ಷಿ ಬೇಕೇ? ಊರಿಗೆ ಊರೇ ಕೈಮುಗಿಯಿತು. ಸಿಂಹಾಸನದ ಮೇಲೆ ಪೂರ್ತಿ ಮೀಸೆಯ ರಾಜ ಕೂತಿದ್ದಾನೆಂಬುದು ಯಾರ ಗಮನಕ್ಕೂ ಬರಲಿಲ್ಲ. ಮಂತ್ರಿಯ ಮೊದಲ ಮಾತು ‘ಈ ಮೂಢರಾಜನಿಗೆ ಇಂದೇ ವಿಷವಿಕ್ಕುವೆ’ ಎಂದಿತ್ತು. ಎರಡು ಸಲ ಹೇಳಿಕೊಟ್ಟೆ. ಮಾವ ಬಾಯಿ ತೆರೆಯಲಿಲ್ಲ. ಕೈಮುಗಿದು ನಿಂತ ಜನದೆದುರು ದೇವರು ಹೇಗೆ ವಿಷದ ಮಾತೆತ್ತಬೇಕು?

ಆಗ ಮುಂದಿನ ಸಾಲಿನಿಂದ ಒಬ್ಬನೇ ಒಬ್ಬ ಎದ್ದು ನಿಂತ. ಅದೇ ಮುದುಕ. ರಂಗದ ಕಡೆ ಬೆರಳು ಚಾಚಿ ಕೂಗಿದ: "ನಂಬಬ್ಯಾಡ್ರಲಾ! ಮನೆಹಾಳ ಕಣ್ರಲಾ ಅವ್ನು!"

ಮಾವನ ಮುಖದ ಎರಡು ಪಾಲೂ ಒಟ್ಟಿಗೆ ಅರಳಿದ್ದು ಪರದೆಯ ಮರೆಯಿಂದ ನನಗೆ ಕಂಡಿತು. ಆಮೇಲೆ ಒಂದು ಮಾತನ್ನೂ ಹೇಳಿಕೊಡಬೇಕಾಗಲಿಲ್ಲ. ಅರ್ಧ ಮೀಸೆಯನ್ನು ಸವರಿಕೊಂಡು, ರಾಜನ ಕಡೆ ತಿರುಗಿ, ವಿಷವಿಕ್ಕಿದರು.